ನೊರೆ ಎತ್ತುವ ಕೈ

ನನ್ನ ಪಾಸ್‌ಪೋರ್ಟಿನ ಒಳಗೆ ಅಂಟಿಸಿರುವ ವೀಸಾ ಚೀಟಿಯಲ್ಲಿ ಕೊನೆಗೆ ಒಂದು ಸಾಲಿದೆ. ಜರ್ಮನಿಗೆ ಬಂದ ಎರಡನೇ ವಾರ, ಔಸ್‌ಲೆಂಡರ್‌ಆಮ್ಟಿನ, ಅಂದರೆ ಹೊರದೇಶದವರ ಕಾಗದಪತ್ರ ನೋಡುವ ಕಚೇರಿಯ ಬೆಂಚಿನ ಮೇಲೆ ಕೂತು ಅದರ ಅರ್ಥ ಕೇಳಿದೆ. ನನ್ನ ಹೆಂಡತಿ ಸವಿತ ಅದನ್ನು ಎರಡು ಸಲ ಓದಿ, ಪಾಸ್‌ಪೋರ್ಟ್ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಕೆಲಸ ಮಾಡಂಗಿಲ್ಲ ಅಂತ ಬರ್ದವ್ರೆ ಬಾವ."

"ಯಾರು?"

"ನೀನು."

ನಾನು ನಕ್ಕೆ. ಕೆಲಸ ಮಾಡು ಎಂದು ಹೇಳುವ ಸರ್ಕಾರವನ್ನು ಕಂಡಿದ್ದೆ. ಮಾಡಬೇಡ ಎಂದು ಅಚ್ಚು ಹಾಕಿ ಕೊಡುವ ಸರ್ಕಾರವನ್ನು ಕಂಡಿರಲಿಲ್ಲ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮದ್ದೂರಿನ ಆಚೆ ನಮ್ಮ ಚಿಕ್ಕಪ್ಪನ ಆಲೆಮನೆ ಇತ್ತು. ಕಬ್ಬು ಅರೆದು ಹಾಲು ಹಿಂಡಿ, ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುವ ಜಾಗ. ಅಲ್ಲಿ ಒಲೆಗೆ ರಚ್ಚು, ಅಂದರೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ ತುಂಬುತ್ತ ಸೇರಿದವನು, ಇಪ್ಪತ್ತೆರಡರ ಹೊತ್ತಿಗೆ ಪಾಕ ನೋಡುವವನಾದೆ. ಪಾಕ ನೋಡುವವನು ಆಲೆಮನೆಯ ಯಜಮಾನನಿಗಿಂತ ಒಂದು ಕೈ ಮೇಲು. ಅವನು "ಇಳಿಸ್ರೋ" ಅಂದಾಗಲೇ ಕೊಪ್ಪರಿಗೆ ಇಳಿಯಬೇಕು. ಒಂದು ನಿಮಿಷ ಮುಂಚೆ ಆದರೆ ಬೆಲ್ಲ ನೀರುಬಿಡುತ್ತದೆ, ಒಂದು ನಿಮಿಷ ತಡವಾದರೆ ಕರಟುತ್ತದೆ. ಸುತ್ತಲ ಊರುಗಳಲ್ಲಿ "ಪುಟ್ಟಸ್ವಾಮಿ ಬೆಲ್ಲ" ಎಂದರೆ ಅಚ್ಚು ಒಡೆದು ನೋಡುತ್ತಿರಲಿಲ್ಲ. ಮುಗ್ಗಿದ ಬೆಲ್ಲ ಕೇಳಿಕೊಂಡು ಕಳ್ಳಭಟ್ಟಿಯವರು ಬರುತ್ತಿದ್ದರು. ಅವರಿಗೆ ಒಂದು ಅಚ್ಚನ್ನೂ ಕೊಟ್ಟವನಲ್ಲ ನಾನು. ನನ್ನ ಬೆಲ್ಲ ದೇವರ ಮುಂದಿನ ತಂಬಿಟ್ಟಿಗೆ ಹೋಗಬೇಕು, ಹೆಂಡದ ಗಡಿಗೆಗೆ ಹೋಗಕೂಡದು ಎಂಬುದು ನನ್ನ ಹಟ.

ಸವಿತ ನನ್ನ ಸೋದರಮಾವನ ಮಗಳು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವಳು. ಹಿರಿಯರು ಎಂದೋ ಆಡಿಟ್ಟಿದ್ದ ಮಾತನ್ನು ಅವಳು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಯಾಕೆ ಎಂದು ಕೇಳಿದ ಗೆಳತಿಗೆ "ಓದಿದೋರು ಬೇಕಾದಷ್ಟು ಸಿಗ್ತಾರೆ ಕಣೇ, ಕೆಲಸ ಬರೋರು ಸಿಗಲ್ಲ" ಎಂದಳಂತೆ. ಆಗ ಜರ್ಮನಿಯವರು ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ. ಐದು ವರ್ಷದ ಕಾರ್ಡು. ರೇಗನ್ಸ್‌ಬರ್ಗ್ ಎಂಬ ಊರಿನಲ್ಲಿ ಕಾರಿಗೆ ಕೂರಿಸುವ ಪುಟ್ಟ ಪೆಟ್ಟಿಗೆಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ ಅವಳಿಗೆ ಸಿಕ್ಕಿತು. ಅವಳ ಬೆನ್ನಿಗೆ ಗಂಡ ಎಂಬ ಹೆಸರಲ್ಲಿ ನಾನು ಬಂದೆ. ನನ್ನಂಥವರು ಕನಿಷ್ಠ ಒಂದು ವರ್ಷ ಕಾದು, ಆಮೇಲೆ ಕೆಲಸದ ಅನುಮತಿ ಕೇಳಬೇಕು.

ಒಂದು ವರ್ಷ ಎಂದರೆ ಎಷ್ಟು ಉದ್ದ ಎಂದು ಕೈಕಟ್ಟಿ ಕೂತವನಿಗೆ ಮಾತ್ರ ಗೊತ್ತು. ಬೆಳಿಗ್ಗೆ ಏಳಕ್ಕೆ ಸವಿತ ಬಸ್ಸು ಹತ್ತಿದರೆ ಸಂಜೆ ಆರರವರೆಗೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು. ಊರಿನಲ್ಲಿ ಸದ್ದಿಲ್ಲದ ಮನೆಯೆಂದರೆ ಏನೋ ಕೇಡಾಗಿದೆ ಎಂದರ್ಥ. ಇಲ್ಲಿ ಸದ್ದು ಮಾಡಿದರೆ ಕೇಡು. ಭಾನುವಾರ ಮೊಳೆ ಹೊಡೆಯುವಂತಿಲ್ಲ, ಮಧ್ಯಾಹ್ನ ಮಿಕ್ಸಿ ಹಾಕುವಂತಿಲ್ಲ. ಅಡುಗೆ ಕಲಿತೆ. ಡೊನಾವ್ ನದಿಯ ದಡದಲ್ಲಿ ಈ ಸೇತುವೆಯಿಂದ ಆ ಸೇತುವೆಗೆ ನಡೆದೆ. ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಂಡೆ. ಅವರ ಬ್ರೆಡ್ಡು ನಮ್ಮದರ ಹಾಗೆ ಮೆತ್ತಗಿಲ್ಲ, ಕುಯ್ಯಲು ಮಚ್ಚು ಬೇಕು. ಇನ್ನೂ ಕೈ ಸುಮ್ಮನಿರಲಾರದೆ ನಮ್ಮ ಮನೆಯ ಮುಂದಿನ ಮೆಟ್ಟಿಲು ಗುಡಿಸಿದೆ. ಮೂರು ಮಹಡಿಯದನ್ನೂ ಗುಡಿಸಿ ಒರೆಸಿದೆ, ದಿನಾ. ಒಂದು ವಾರ ಕಳೆದ ಮೇಲೆ ಬಾಗಿಲಿಗೆ ಚೀಟಿ ಅಂಟಿಸಿದ್ದರು.

ಸವಿತ ಓದಿದಳು. "ಮೆಟ್ಲು ಗುಡ್ಸೋಕೆ ಒಂದೊಂದ್ ಮನೆಗೆ ಒಂದೊಂದ್ ವಾರ ಪಾಳಿ ಐತಂತೆ. ಇದು ನಿಮ್ ವಾರ ಅಲ್ಲ, ದಯವಿಟ್ಟು ಮಾಡಬೇಡಿ ಅಂತ ಬರ್ದವ್ರೆ."

"ಪುಕ್ಕಟೆ ಗುಡ್ಸಿದ್ರೂ ತಪ್ಪಾ?"

"ಬಾವ, ಸುಮ್ನಿರು. ಇದು ನಮ್ಮೂರಲ್ಲ."

ಆ ಮಾತು ಅವಳು ಬೈಯುವುದಕ್ಕೆ ಅಂದದ್ದಲ್ಲ, ಸುಸ್ತಾಗಿ ಅಂದದ್ದು. ಅವಳಿಗೂ ಆಫೀಸಿನಲ್ಲಿ ಎಂಟು ಗಂಟೆ ಪರಭಾಷೆ. ಆದರೂ ನನಗೆ ನಾಟಿತು. ದೀಪಾವಳಿ ಕಳೆದ ಮೇಲೆ ಊರಿನಲ್ಲಿ ಕಬ್ಬಿನ ಕಡಿತ ಜೋರಾಗುತ್ತದೆ. ಅಷ್ಟರೊಳಗೆ ಇಲ್ಲಿ ನನಗೊಂದು ಕೆಲಸ, ಕೂಲಿಯಿಲ್ಲದ ಕೆಲಸವಾದರೂ ಸರಿ, ಸಿಗದಿದ್ದರೆ ನಾನು ವಾಪಸು ಹೋಗುವವನೇ ಎಂದು ಅವಳಿಗೆ ಹೇಳಿದೆ. ಅವಳು ಕಾರ್ಡಿನ ಐದು ವರ್ಷ ಮುಗಿಸಿ ಬರಲಿ, ನಾನು ಆಲೆಮನೆಯಲ್ಲಿರುತ್ತೇನೆ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಆಲೆಮನೆಯ ವಾಸನೆ.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಸಿಹಿಯಾದ ನೀರು ದೊಡ್ಡ ಪಾತ್ರೆಯಲ್ಲಿ ಕುದಿಯುವ ವಾಸನೆ, ಸೌದೆಯ ಹೊಗೆ ಬೆರೆತದ್ದು, ಜಗತ್ತಿನಲ್ಲಿ ಎಲ್ಲೇ ಆಗಲಿ ಮೂಗಿಗೆ ತಿಳಿಯುತ್ತದೆ. ಚಪ್ಪಲಿ ಮೆಟ್ಟದೆ ಇಳಿದೆ. ಇಲ್ಲಿನ ಹಳೆಯ ಮನೆಗಳ ಅಡಿಯಲ್ಲಿ ಕೆಲ್ಲರ್ ಎಂದು ನೆಲಮನೆ ಇರುತ್ತದೆ. ಆಲೂಗೆಡ್ಡೆ, ಸೈಕಲ್ಲು, ಹಳೆ ಕುರ್ಚಿ ಇಡುವ ಜಾಗ. ಅದರ ಮೂಲೆಯಲ್ಲಿ ವಾಶ್‌ಕ್ಯೂಖೆ, ಹಿಂದಿನವರು ಬಟ್ಟೆ ಬೇಯಿಸಿ ಒಗೆಯುತ್ತಿದ್ದ ಕೋಣೆ. ಇಟ್ಟಿಗೆ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ ಈಗಲೂ ಇದೆ. ಅದರ ಮುಂದೆ ಮೊದಲ ಮಹಡಿಯ ಹೆರ್ ಹುಬರ್ ಮಂಡಿಯೂರಿ ಕೆಮ್ಮುತ್ತಿದ್ದರು. ಹೆರ್ ಎಂದರೆ ನಮ್ಮಲ್ಲಿ ಶ್ರೀಮಾನ್ ಅಂದ ಹಾಗೆ. ಹಸಿ ಸೌದೆ, ಕೋಣೆ ತುಂಬ ಹೊಗೆ.

ಕೇಳುವುದಕ್ಕೆ ನನಗೆ ಭಾಷೆ ಇರಲಿಲ್ಲ. ಕೂತೆ. ಒಲೆಯಿಂದ ಸೌದೆ ಎಳೆದೆ, ಒಣಗಿದ್ದನ್ನು ಅಡಿಗೆ, ಹಸಿಯದ್ದನ್ನು ಬಾಯಿಗೆ ಇಟ್ಟು, ನಡುವೆ ಗಾಳಿ ಆಡಲು ಒಂದು ಹಿಡಿ ಜಾಗ ಬಿಟ್ಟು ಊದಿದೆ. ಬೆಂಕಿ ಹಿಡಿಯಿತು. ಹುಬರ್ ಬೆಂಕಿಯನ್ನು ನೋಡಿದರು, ನನ್ನ ಬರಿಗಾಲು ನೋಡಿದರು, ಎದೆ ಮುಟ್ಟಿಕೊಂಡು ಏನೋ ಹೇಳಿದರು. ಆಮೇಲೆ ಸವಿತಳಿಂದ ತಿಳಿಯಿತು: ಅವರು ಹಿಂದೆ ರೈಲು ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದವರು. ಇನ್ನೊಬ್ಬ ಬೆಂಕಿಯವನು ಸಿಕ್ಕಿದ ಅಂತ ಅಂದರಂತೆ. ನನ್ನ ಹೆಸರು ಅವರ ಬಾಯಲ್ಲಿ ಅರ್ಧಕ್ಕೆ ನಿಂತಿತು. ಅಂದಿನಿಂದ ನಾನು "ಹೆರ್ ಪುಟ್ಟ".

ಹಂಡೆಯಲ್ಲಿದ್ದದ್ದು ಬಾರ್ಲಿಯ ಸಿಹಿನೀರು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ನಾವು ರಾಗಿಯನ್ನು ಮಾಡುತ್ತೇವಲ್ಲ ಹಾಗೆ, ತರಿಯಾಗಿ ಒಡೆದು ಬಿಸಿನೀರಲ್ಲಿ ನೆನೆಹಾಕಿ ಸೋಸಿದರೆ ಇಳಿಯುವ ರಸ. ಅವರು ಅದಕ್ಕೆ ವ್ಯುರ್ಟ್ಸೆ ಅನ್ನುತ್ತಾರೆ. ಒಂದು ಚಮಚ ನನ್ನ ಅಂಗೈಗೆ ಹಾಕಿದರು. ನೆಕ್ಕಿದೆ. ಕಬ್ಬಿನ ಹಾಲಿನ ದೂರದ ನೆಂಟ. ಇದು ಬೆಲ್ಲವಾಗುವುದಿಲ್ಲ, ಬಿಯರ್ ಆಗುತ್ತದೆ ಎಂದು ಬಾಟಲಿ ತೋರಿಸಿದಾಗ ಎದೆ ಒಂದು ಸಲ ಹಿಂಜರಿಯಿತು. ಕಳ್ಳಭಟ್ಟಿಯವರನ್ನು ಬಾಗಿಲಿಂದ ಓಡಿಸಿದವನು ನಾನು. ಆದರೆ ಬೆಂಕಿ ನನ್ನ ಕೈಗೆ ಬಂದಿತ್ತು. ಎಂಟು ತಿಂಗಳ ಮೇಲೆ ಬಂದದ್ದು, ಬಿಡಲಾಗಲಿಲ್ಲ.

ಸವಿತ ಮಾತ್ರ ಹೆದರಿದಳು.

"ಯಾರಾದ್ರೂ ಹೋಗಿ ಹೇಳಿದ್ರೆ? ಕೆಲಸ ಮಾಡ್ತಾವ್ನೆ ಅಂತ?"

"ಕೂಲಿ ಇಸ್ಕೊಂಡ್ರೆ ತಾನೆ ಕೆಲಸ? ಪಕ್ಕದ್ಮನೆ ಒಲೆ ಉರಿ ನೋಡಿದ್ರೆ ಅದೇನು?"

"ನಿಂಗೆ ಅದು ಒಲೆ. ಅವರ ಕಾನೂನಲ್ಲಿ ಅದಕ್ಕೆ ಏನ್ ಹೆಸ್ರಿದೆಯೋ ಯಾರಿಗ್ ಗೊತ್ತು?"

ಅಕ್ಟೋಬರಿನಲ್ಲಿ ಹುಬರ್ ಮತ್ತೆ ಕರೆದರು. ವರ್ಷಕ್ಕೆ ನಾಲ್ಕು ಸಲ ಕುದಿಸುವುದು ಅವರ ಪದ್ಧತಿ, ಮೊದಲೆರಡು ನಾವು ಈ ಮನೆಗೆ ಬರುವ ಮುಂಚೆಯೇ ಆಗಿದ್ದವು, ಅದು ನಾಲ್ಕನೆಯದು. ಬಲಭುಜ ನೋಯುತ್ತಿತ್ತು, ಮರದ ಹುಟ್ಟು ಎತ್ತಲಾಗುತ್ತಿರಲಿಲ್ಲ. ತಿರುವುವ ಕೆಲಸ, ಬೆಂಕಿಯ ಕೆಲಸ ಎರಡೂ ನನ್ನದಾಯಿತು. ರಸ ಕಾಯುತ್ತ ಬಂತು. ಮೇಲೆ ಬೂದು ನೊರೆ ಕಟ್ಟಿತು. ಸೌದೆ ಕಡಿಮೆಯಾಗಿತ್ತು, ಅಂಗಳದ ಷೆಡ್ಡಿಗೆ ಹೋಗಿ ಒಂದು ಹೊರೆ ತಂದೆ. ನಾನು ಬರುವ ಹೊತ್ತಿಗೆ ಮೇಲೆ ಅವರ ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಹುಬರ್ ಹಂಡೆಯ ಕಡೆ ಕೈ ತೋರಿಸಿ, "ನೋಡ್ಕೋ ಹೆರ್ ಪುಟ್ಟ" ಎಂಬಂತೆ ಕಣ್ಣಿಗೆ ಬೆರಳು ಮುಟ್ಟಿಸಿ, ಮೆಟ್ಟಿಲು ಹತ್ತಿದರು.

ಹಂಡೆಯೊಳಗೆ ನೋಡುತ್ತೇನೆ: ನೊರೆಯ ಮೇಲೆಲ್ಲ ಹಸಿರು ಕಸ. ಒಣಗಿದ ಯಾವುದೋ ಗಿಡದ ಮೊಗ್ಗು, ಎಸಳು, ಎರಡು ಬೊಗಸೆಯಷ್ಟು. ಷೆಡ್ಡಿನಿಂದ ನಾನು ತಂದ ಸೌದೆಗೆ ಅಂಟಿಕೊಂಡು ಬಂದು ಉದುರಿತೋ, ಕಿಟಕಿಯಿಂದ ಬಿತ್ತೋ ಎಂದು ನನಗೆ ಗಾಬರಿ.

ಆಲೆಮನೆಯವನಿಗೆ ಮೊದಲು ಕಲಿಸುವ ಪಾಠವೇ ನೊರೆ ಎತ್ತುವುದು. ಕಬ್ಬಿನ ಹಾಲು ಮೊದಲ ಕುದಿಗೆ ಬಂದಾಗ ತನ್ನ ಕೊಳೆಯನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಬೆಂಡೆಗಿಡದ ಲೋಳೆ ಬಿಟ್ಟರೆ ಇನ್ನೂ ಚೆನ್ನಾಗಿ ತಳ್ಳುತ್ತದೆ. ಆಗ ಜರಡಿ ಸೌಟಿನಲ್ಲಿ ಒಂದು ಎಳೆ ಬಿಡದೆ ಎತ್ತಿ ಹಾಕಬೇಕು. ಒಂದು ಹುಲ್ಲುಕಡ್ಡಿ ಉಳಿದರೂ ಬೆಲ್ಲ ಕಪ್ಪಾಗುತ್ತದೆ, ಪಾಕದವನ ಮಾನ ಹೋಗುತ್ತದೆ. ಗೋಡೆಯ ಮೇಲೆ ಜರಡಿ ಸೌಟೂ ಇತ್ತು. ತೆಗೆದುಕೊಂಡೆ. ಹಸಿರನ್ನೂ ಬೂದು ನೊರೆಯನ್ನೂ ಸೇರಿಸಿ ಎತ್ತಿದೆ, ಬಕೆಟ್ಟಿಗೆ ಹಾಕಿದೆ, ಮತ್ತೆ ಎತ್ತಿದೆ. ಅಷ್ಟರಲ್ಲಿ ರಸ ಉಕ್ಕಿ ಅಂಚಿಗೆ ಬಂತು. ಆಲೆಮನೆಯಲ್ಲಾದರೆ ಉಕ್ಕು ಇಳಿಸಲು ಎರಡು ಹನಿ ಎಣ್ಣೆ ಚಿಮುಕಿಸುತ್ತೇವೆ. ಮೂರೇ ನೆಗೆತಕ್ಕೆ ಮನೆಗೆ ಹೋಗಿ ಎಣ್ಣೆ ತಂದು ಒಂದು ಚಮಚ ಬಿಟ್ಟೆ. ನೊರೆ ಉಸ್ಸೆಂದು ಕೂತಿತು. ಬಕೆಟ್ಟನ್ನು ಮೋರಿಗೆ ಸುರಿದು ತೊಳೆದಿಟ್ಟೆ. ಹಂಡೆಯಲ್ಲಿ ರಸ ಹೊಂಬಣ್ಣಕ್ಕೆ, ಒಂದು ಎಸಳು ಕಸವಿಲ್ಲದೆ ತಳತಳ ಕುದಿಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಬೆನ್ನು ನೆಟ್ಟಗಾಯಿತು.

ಹುಬರ್ ಬಂದು ಬಗ್ಗಿ ನೋಡಿದರು. ಹಂಡೆಯ ಸುತ್ತ ಒಂದು ಸುತ್ತು ಹಾಕಿದರು.

"ವೋ ಇಸ್ಟ್ ದೆರ್ ಹೊಪ್ಫೆನ್?"

ಎಲ್ಲಿ ಹೊಪ್ಫೆನ್ ಎಂದು. ಆ ಪದ ನನಗೆ ಗೊತ್ತಿರಲಿಲ್ಲ. ಅವರು ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ ತೋರಿಸಿದರು. ನಾನು ಹೆಮ್ಮೆಯಿಂದ ಮೋರಿ ತೋರಿಸಿದೆ.

ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಚಿಕ್ಕಪ್ಪ ಇದಕ್ಕಿಂತ ಸಣ್ಣ ತಪ್ಪಿಗೆ ಹುಟ್ಟು ಎಸೆದಿದ್ದಾನೆ. ಹುಬರ್ ಮೋರಿಯನ್ನು ನೋಡಿದರು, ಎಣ್ಣೆಯ ಬಾಟಲಿಯನ್ನು ಎತ್ತಿ ಅದರ ಮೇಲಿನ ಸೂರ್ಯಕಾಂತಿ ಚಿತ್ರ ನೋಡಿದರು, ಕಣ್ಣು ಮುಚ್ಚಿದರು. ಆಮೇಲೆ "ಫೈಯರ್‌ಆಬೆಂಡ್" ಅಂದರು. ಇವತ್ತಿನ ಕೆಲಸ ಮುಗಿಯಿತು, ಮನೆಗೆ ಹೋಗು ಎಂದರ್ಥ. ಒಳ್ಳೆಯ ಪದವೇ. ಸಂಜೆ ಬಸ್ಸಿನ ಡ್ರೈವರೂ ಅದನ್ನೇ ನಗುತ್ತ ಹೇಳುತ್ತಾನೆ. ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನನಗೆ ಅದನ್ನು ಹೇಳಿದರು.

ಸಂಜೆ ಸವಿತ ಕೆಳಗೆ ಹೋಗಿ ಕ್ಷಮೆ ಕೇಳಿ ಬಂದಳು. ನಾನು ಷೆಡ್ಡಿಗೆ ಹೋಗಿದ್ದಾಗ ಹುಬರ್ ತಾವೇ ಹಾಕಿದ್ದ ಆ ಹಸಿರು ಮೊಗ್ಗು ಬಿಯರಿನ ಜೀವವಂತೆ. ಬಳ್ಳಿಯ ಹೂ. ಕುದಿಯ ಶುರುವಿನಲ್ಲಿ ಹಾಕಿದರೆ ಕಹಿ ಬಿಡುತ್ತದೆ, ಕೊನೆಯಲ್ಲಿ ಹಾಕಿದರೆ ಪರಿಮಳ. ಕೆಡದ ಹಾಗೆ ಕಾಯುವುದೂ ಅದೇ. ನಾನು ಎತ್ತಿ ಚೆಲ್ಲಿದ್ದು, ಇಲ್ಲೇ ಹತ್ತಿರದ ಹಾಲರ್ಟಾವ್ ಸೀಮೆಯಲ್ಲಿ ಅವರ ತಮ್ಮ ಬೆಳೆದು ಒಣಗಿಸಿ ದಿಂಬಿನ ಚೀಲದಲ್ಲಿ ತುಂಬಿ ಕೊಟ್ಟದ್ದು. ಎಣ್ಣೆ ಬಿದ್ದರೆ ಬಿಯರಿನ ಮೇಲೆ ನೊರೆ ನಿಲ್ಲುವುದಿಲ್ಲ. ಈ ಸೀಮೆಯಲ್ಲಿ ನೊರೆಯಿಲ್ಲದ ಬಿಯರನ್ನು ಮನೆಗೆ ಬಂದವರ ಮುಂದೆ ಇಡುವುದು, ನಮ್ಮಲ್ಲಿ ಹಳಸಿದ ಅನ್ನ ಇಟ್ಟ ಹಾಗೆ.

"ಕೋಪ ಮಾಡ್ಕೊಂಡವ್ರಾ?"

"ಇಲ್ಲ. ತಪ್ಪು ತನ್ದೇ ಅಂದ್ರು, ಹೇಳ್ದೆ ಹೋದೆ ಅಂತ."

ಅದು ಇನ್ನೂ ಕೆಟ್ಟದಾಯಿತು. ಏನೂ ತಿಳಿಯದವನನ್ನು ಮನ್ನಿಸುವ ಹಾಗೆ ನನ್ನನ್ನು ಮನ್ನಿಸಿದ್ದರು. ಅದೇ ವಾರ ಊರಿನಿಂದ ಚಿಕ್ಕಪ್ಪನ ಮಗ ಕೆಂಪ ಫೋನು ಮಾಡಿದ. ಚಿಕ್ಕಪ್ಪನ ಕಣ್ಣು ಮಂಜಾದ ಮೇಲೆ ಆಲೆಮನೆ ನೋಡಿಕೊಳ್ಳುವವನು ಅವನು.

"ಅಣ್ಣೋ, ಕಬ್ ಎಲ್ಲಾ ಎದ್ ನಿಂತದೆ. ಕೊಪ್ಪರ್ಗೆ ಮುಂದ್ಕೆ ನೀ ಬತ್ತಿಯೋ, ಬ್ಯಾರೆ ಯಾರ್ನಾರ ನೋಡ್ಕಳ್ಲೋ? ಒಂದ್ ಮಾತ್ ಏಳ್ಬುಡು."

"ಬತ್ತೀನಿ ಕಣ್ಲಾ."

ಸವಿತಳಿಗೆ ಟಿಕೆಟ್ ಮಾಡಿಸು ಅಂದೆ. ಡಿಸೆಂಬರಿನ ಮೊದಲ ವಾರಕ್ಕೆ ಮಾಡಿಸಿದಳು. ಹೋಗುವುದಕ್ಕೆ ಮಾತ್ರ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದವಳೂ ಅವಳೇ. ಇಬ್ಬರೂ ಹಾಲು ತೆಗೆಯುವಾಗ ಅದನ್ನು ನೋಡದೆ ತೆಗೆಯುವುದು ಕಲಿತೆವು.

ನವೆಂಬರ್ ನಡುವಿನಲ್ಲಿ ಹುಬರ್ ಬಾಗಿಲು ತಟ್ಟಿದರು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯೊಳಗೆ. ಭುಜಕ್ಕೆ ಆಪರೇಷನ್ ಆಗಿತ್ತು. ಎಡಗೈಯಲ್ಲಿ ಒಂದು ಬಾಟಲಿ. ಸವಿತ ಮನೆಯಲ್ಲಿದ್ದಳು, ಮಾತು ಅವಳ ಮೂಲಕ ನಡೆಯಿತು. ಬಾಟಲಿಯ ಬಿಯರನ್ನು ಲೋಟಕ್ಕೆ ಸುರಿದರು. ಕನ್ನಡಿಯಂತೆ ತಿಳಿ. ಮೇಲೆ ನೊರೆಯಿಲ್ಲ, ಚಹಾದ ಹಾಗೆ ಬೋಳು.

"ನನ್ನ ತಂಗಿಗೆ ಇಷ್ಟವಾಯಿತಂತೆ" ಎಂದರು. "ಅವಳು ನಿಂಬೆ ಷರಬತ್ತು ಕುಡಿಯುವವಳು."

ಸವಿತಳಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು, ಆದರೆ ಮುಖ ಬಿಗಿಹಿಡಿದೆ.

ಆಮೇಲೆ ಬಂದ ವಿಷಯ ಹೇಳಿದರು. ಜನವರಿಯಲ್ಲಿ ಅದೇ ತಂಗಿಗೆ ಎಪ್ಪತ್ತು ತುಂಬುತ್ತದೆ. ನೆಂಟರೆಲ್ಲ ಬರುತ್ತಾರೆ, ಈ ಮನೆಯಲ್ಲಿ ಕುದಿಸಿದ ಬಿಯರನ್ನೇ ಕೊಡಬೇಕು. ಈಗ ಕುದಿಸಿದರೆ ಆಗ ಕುಡಿಯಲು ಬರುತ್ತದೆ. ಆದರೆ ಎರಡು ತೊಡಕು. ಒಂದು, ಕೈ. ಇನ್ನೊಂದು, ಕಾನೂನು. ಇಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಬಹುದು, ಮಾರಕೂಡದು. ಒಂದು ಮನೆಗೆ ವರ್ಷಕ್ಕೆ ಇನ್ನೂರು ಲೀಟರಿನವರೆಗೆ ತೆರಿಗೆಯಿಲ್ಲ. ಮೊದಲೇ ಸುಂಕದ ಕಚೇರಿಗೆ, ಅವರ ಬಾಯಲ್ಲಿ ಝೋಲ್‌ಆಮ್ಟಿಗೆ, ಬರೆದು ತಿಳಿಸಬೇಕು. ಹುಬರ್ ಅವರ ಇನ್ನೂರು ಮುಗಿದಿತ್ತು. ನಾನು ಕೆಡಿಸಿದ್ದೂ ಅದರಲ್ಲಿ ಸೇರಿತ್ತು.

"ಕೆಟ್ಟೋಗಿದ್ದು ಅಂತ ಬಿಡಾಕಿಲ್ವಾ?" ಎಂದು ಸವಿತಳ ಕೈಲಿ ಕೇಳಿಸಿದೆ.

"ಕುದಿಸಿದ್ದು ಕುದಿಸಿದ್ದೇ" ಎಂದರು ಹುಬರ್, ಯಾರೂ ನೋಡದ ನೆಲಮನೆಯಲ್ಲಿ ಮಾಡುವ ಕೆಲಸಕ್ಕೆ. ಆ ಮಾತಿಗೆ ನನಗೆ ಅವರ ಮೇಲೆ ಮರ್ಯಾದೆ ಬಂತು. ನಾನೂ ಕರಟಿದ ಬೆಲ್ಲವನ್ನು ಒಳ್ಳೆಯದರ ನಡುವೆ ಸೇರಿಸಿದವನಲ್ಲ. "ನಿಮ್ಮ ಮನೆಯ ಇನ್ನೂರು ಹಾಗೇ ಇದೆ, ಹೆರ್ ಪುಟ್ಟ. ನಿಮ್ಮ ಹೆಸರಿನಲ್ಲಿ ಕುದಿಸಬೇಕು. ನೀವೇ ಕುದಿಸಬೇಕು."

ಅವರು ಹೋದ ಮೇಲೆ ಸವಿತ ಲೋಟವನ್ನೇ ನೋಡುತ್ತ ಕೂತಳು.

"ಸರ್ಕಾರಿ ಆಫೀಸಿಗೆ ನಾವೇ ಹೋಗಿ ನಿನ್ ಹೆಸ್ರು ಕೊಡೋದಾ ಬಾವ? ಅದೂ ಹೆಂಡಕ್ಕೆ? ಅತ್ತೆಗೆ ಗೊತ್ತಾದ್ರೆ?"

"ಅವ್ವಂಗೆ ಯಾರು ಏಳ್ತಾರೆ? ಜರ್ಮನ್ನೋರು ಮದ್ದೂರಿಗೆ ಪತ್ರ ಬರೀತಾರಾ?"

"ಟಿಕೆಟ್ಟು?"

"ಕುದ್ಸೋದು ಅದ್ಕೂ ಮುಂಚೆ. ಕುದ್ಸಿ ಓಯ್ತೀನಿ. ಕೆಡ್ಸಿ ಓಡೋದೋನು ಅಂತ ಅನ್ನಿಸ್ಕಂಡು ಓಗಾಕಿಲ್ಲ ನಾನು."

ಅವಳು ಮರುದಿನ ಸುಂಕದ ಕಚೇರಿಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು ವೀಸಾ ಕೇಳಲಿಲ್ಲ, ಓದು ಕೇಳಲಿಲ್ಲ. ಹೆಸರು, ವಿಳಾಸ, ಎಂದು ಕುದಿಸುತ್ತೀರಿ, ಎಷ್ಟು, ಅಷ್ಟೇ. ಬರೆದು ಕಳಿಸಿದೆವು.

ಕುದಿಸುವ ಶನಿವಾರ ಹುಬರ್ ಒಂದು ಪೆಟ್ಟಿಗೆಯ ಮೇಲೆ ಕೂತರು, ಮಡಿಲಲ್ಲಿ ಅಲಾರಂ ಗಡಿಯಾರ ಮತ್ತು ದಿಂಬಿನ ಚೀಲ. ನಾನು ಮಾಡಿದ ಮೊದಲ ಕೆಲಸ, ಜರಡಿ ಸೌಟನ್ನು ಗೋಡೆಯಿಂದ ತೆಗೆದು ಬಾಗಿಲ ಹೊರಗೆ ಇಟ್ಟು ಬಂದದ್ದು. ಸಂತೆ ಬದಿಯ ತುರ್ಕಿಯವರ ಅಂಗಡಿಯಿಂದ ನಾಲ್ಕು ಬೆಂಡೆಕಾಯಿ ತಂದಿದ್ದೆ. ರಸ ತಿಳಿಯಾಗಲಿ ಎಂದು ತೋರಿಸಿದೆ.

"ನೈನ್." ಬೇಡ ಎಂದು ತಲೆಯಾಡಿಸಿದರು.

"ಎರಡೇ?"

"ನೈನ್, ಹೆರ್ ಪುಟ್ಟ. ನೀರು, ಮಾಲ್ಟು, ಹೊಪ್ಫೆನ್, ಹುಳಿ ಬರಿಸುವ ಹೆಫೆ. ಐದನೆಯದಿಲ್ಲ."

ಆ ಸಂಜೆ ಅದು ಪಲ್ಯವಾಯಿತು.

ರಸ ಕುದಿಗೆ ಬಂತು, ಬೂದು ನೊರೆ ಎದ್ದಿತು. ನನ್ನ ಬಲಗೈ ತಾನಾಗಿ ಸೌಟು ಹುಡುಕಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಕೊಳೆ ಎದುರಿಗೆ ತೇಲುತ್ತಿರುವಾಗ ಸುಮ್ಮನೆ ನಿಲ್ಲುವುದು ನಾನು ಜರ್ಮನಿಯಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ. ಸ್ವಲ್ಪ ಹೊತ್ತಿಗೆ ಆ ನೊರೆ ಮೊಸರೊಡೆದ ಹಾಗೆ ಒಡೆದು, ತಾನೇ ಮುದ್ದೆಮುದ್ದೆಯಾಗಿ ರಸದೊಳಗೆ ಉರುಳತೊಡಗಿತು. ಕೊನೆಗೆ ಅದೆಲ್ಲ ತಳಕ್ಕೆ ಕೂರುತ್ತದಂತೆ. ಎತ್ತಿ ಎಸೆಯಬೇಕಿಲ್ಲ. ಹುಬರ್ ಚೀಲ ನನ್ನ ಕೈಗೆ ಕೊಟ್ಟರು. "ಈಗ. ನೀವೇ."

ಹಾಕುವ ಮುಂಚೆ ಒಂದು ಮೊಗ್ಗನ್ನು ಅಂಗೈಯಲ್ಲಿ ಉಜ್ಜಿದೆ. ಎಸಳಿನ ಬುಡದಲ್ಲಿ ಅರಿಸಿನದಂಥ ಪುಡಿ, ಅಂಟು ಅಂಟು. ಘಾಟು, ಸ್ವಲ್ಪ ಹಿಪ್ಪುನೇರಳೆ ಸೊಪ್ಪಿನ ಹಾಗೆ, ಸ್ವಲ್ಪ ನಿಂಬೆ ಸಿಪ್ಪೆಯ ಹಾಗೆ. ಊರಿನವರಿಗೆ ಇದನ್ನು ಹೇಳಿದರೆ ಎಲ್ಲರೂ ಬೇವು ಬೆಲ್ಲ ಅಂದುಬಿಡುತ್ತಾರೆ. ಹಾಗಲ್ಲ ಅದು. ನಾವು ಬೇವನ್ನು ವರ್ಷಕ್ಕೊಂದು ದಿನ ಮಾತಿಗಾಗಿ ತಿನ್ನುತ್ತೇವೆ. ಇಲ್ಲಿ ಕಹಿಗೆ ಕೆಲಸವಿದೆ, ಒಂದು ಗಂಟೆ ಕುದಿದ ಮೇಲೇ ಅದು ಕೆಲಸಕ್ಕೆ ಬರುತ್ತದೆ. ಎರಡು ಬೊಗಸೆ ಸುರಿದೆ. ಹಸಿರು ಬಿದ್ದದ್ದೇ ತಡ, ಹಂಡೆ ಮುನಿದು ಮೇಲೆದ್ದಿತು. ಎಣ್ಣೆ ಕೂಡದು. ಬೆಂಕಿ ಹಿಂದಕ್ಕೆ ಎಳೆದು, ಮೊಗೆಯುವ ಸೌಟಿನಲ್ಲಿ ರಸ ಎತ್ತಿ ಎತ್ತಿ ಎದೆಯುದ್ದದಿಂದ ಸುರಿದೆ. ನಮ್ಮಲ್ಲಿ ಎಣ್ಣೆ ಮುಗಿದ ದಿನ ಹೀಗೇ ಮಾಡುತ್ತೇವೆ. ಉಕ್ಕು ಅಂಚಿಗೆ ಬಂದು, ನಿಂತು, ಇಳಿಯಿತು. ಒಂದು ಹನಿ ಚೆಲ್ಲಲಿಲ್ಲ.

"ಯಾ," ಅಂದರು ಹುಬರ್. "ಸೋ." ಹೂಂ, ಹೀಗೆ ಎಂದು.

ಅಷ್ಟೇ. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಆಮೇಲೆ ತಿಳಿಯಿತು.

ಕೊನೆಗೆ ಹತ್ತು ನಿಮಿಷ ಇರುವಾಗ ಇನ್ನೊಂದು ಹಿಡಿ, ಪರಿಮಳಕ್ಕೆ. ಅಲಾರಂ ಹೊಡೆಯಿತು. ಬೆಂಕಿ ಎಳೆ ಅಂದರು. ನನ್ನ ಕಣ್ಣು ಒಪ್ಪಲಿಲ್ಲ. ಪಾಕ ಎಲ್ಲಿ ಬಂತು? ಇನ್ನೂ ನೀರು ನೀರು. ಸೌಟಿನಿಂದ ಎಳೆಯಾಗಿ ಇಳಿಯುತ್ತಿಲ್ಲ, ಕುದಿಯ ಸದ್ದು ದಪ್ಪಗಾಗಿಲ್ಲ. ಆಲೆಮನೆಯಲ್ಲಿ ಕುದಿ ಎಂದರೆ ಕೊನೆ ಮುಟ್ಟಿಸುವುದು. ಗಟ್ಟಿಯಾಗಿ, ಅಚ್ಚಿಗೆ ಸುರಿದು, ತಟ್ಟಿ ಎತ್ತಿದರೆ ಕೆಲಸ ಮುಗಿಯಿತು. ಇಲ್ಲಿ ಕುದಿ ಮುಗಿದ ಮೇಲೆ ಕೆಲಸ ಶುರು. ತಣಿಸಬೇಕು, ಹೆಫೆ ಬಿಡಬೇಕು, ವಾರಗಟ್ಟಲೆ ಕಾಯಬೇಕು. ಅರ್ಧ ಬೆಂದದ್ದನ್ನು ಇಳಿಸಿದವನ ಹಾಗೆ ಬೆಂಕಿ ಎಳೆದೆ.

ಎರಡು ದಿನ ನನ್ನ ಅಂಗೈ ಸೋಪಿಗೂ ಬಗ್ಗದೆ ಕಹಿಯಾಗಿತ್ತು. ಕೈಯಲ್ಲಿ ಕಲಸಿದ ಅನ್ನವೂ ಕಹಿ. ಸವಿತ ಚಮಚ ಕೊಟ್ಟಳು. ಬೇಡ ಅಂದೆ.

ಹುಳಿ ಬರುವ ಪೀಪಾಯಿಯನ್ನು ಒಂದು ವಾರ ದಿನಾ ನೋಡಬೇಕು, ಆಮೇಲೆ ಎತ್ತಿ ಬಾಟಲಿಗಳಿಗೆ ಇಳಿಸಬೇಕು. ಒಂಟಿಗೈಯ ಹುಬರ್ ಅವರಿಂದ ಆಗದು. ಟಿಕೆಟನ್ನು ಒಂದು ವಾರ ಮುಂದೆ ಹಾಕಿಸು ಎಂದೆ. ಸವಿತ ಹಾಕಿಸಿದಳು. ಆಮೇಲೆ ಬಾಟಲಿಗಳಿಗೆ ಚಳಿ ಹೆ‍ಚ್ಚಾಗದ ಹಾಗೆ ನೋಡಬೇಕಾಯಿತು. ಇನ್ನೊಂದು ವಾರ. ಮೂರನೆಯ ಸಲ ಅವಳು ನನ್ನನ್ನು ಕೇಳಲೇ ಇಲ್ಲ, ಟಿಕೆಟ್ಟು ಫ್ರಿಜ್ಜಿನ ಬಾಗಿಲಿಂದ ಕಾಣೆಯಾಗಿತ್ತು. ಕೆಂಪನಿಗೆ ಫೋನು ಮಾಡಿದೆ. ಅವನು ಬೈಯಲಿಲ್ಲ. "ಆಯ್ತು ಬುಡಣ್ಣ. ಪಾಂಡವಪುರದ್ ಕಡೆಯೋನ್ ಒಬ್ಬ ಸಿಕ್ಕವ್ನೆ" ಎಂದ. ನನ್ನ ಕೊಪ್ಪರಿಗೆಯ ಮುಂದೆ ಇನ್ನೊಬ್ಬ ನಿಂತ. ಅದನ್ನು ಕೇಳಿ ಒಂದು ಗಂಟೆ ಡೊನಾವ್ ದಡದಲ್ಲಿ ನಿಂತಿದ್ದೆ, ಕಿವಿ ಮರಗಟ್ಟುವವರೆಗೆ.

ಜನವರಿಯ ಆ ಹಬ್ಬದಲ್ಲಿ ತಂಗಿಯಮ್ಮ ಮೊದಲ ಲೋಟ ಎತ್ತಿದರು. ನಾನು ಅವರ ಮುಖ ನೋಡಲಿಲ್ಲ. ಲೋಟದ ಅಂಚು ನೋಡುತ್ತಿದ್ದೆ. ಎರಡು ಬೆರಳಷ್ಟು ಬಿಳಿ ನೊರೆ, ಕುಡಿದಂತೆ ಗಾಜಿಗೆ ಅಂಟಿ ಉಳಿಯಿತು. ನಿಂತಿತು. ನಾನೂ ಒಂದು ಗುಟುಕು ತೆಗೆದುಕೊಂಡೆ. ಕಹಿ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರದು. ಅದೇ ವಾರ ಸುಂಕದ ಕಚೇರಿಯಿಂದ ಕಾಗದ ಬಂದಿತ್ತು. ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ, ಅದರ ಪಕ್ಕ ಹೌಸ್‌ಬ್ರಾವರ್, ಮನೆಯಲ್ಲಿ ಬಿಯರ್ ಕುದಿಸುವವನು ಎಂದು. ಕೆಳಗೆ ಮೊಹರು. ಕೆಲಸ ಮಾಡಕೂಡದು ಎಂಬ ಚೀಟಿಯಿರುವ ಪಾಸ್‌ಪೋರ್ಟಿನೊಳಗೇ ಅದನ್ನು ಮಡಿಸಿಟ್ಟೆ. ಎರಡೂ ಒಂದೇ ಸರ್ಕಾರದ್ದು.

ಇದೆಲ್ಲ ಆಗಿ ಮೂರು ವರ್ಷ. ಈಗ ನನಗೆ ಕೆಲಸದ ಅನುಮತಿ ಇದೆ. ಒಂದು ದೊಡ್ಡ ಅಡುಗೆಮನೆಯಲ್ಲಿ ಆಳೆತ್ತರದ ಪಾತ್ರೆ ತೊಳೆಯುತ್ತೇನೆ. ಎಂಟು ಗಂಟೆ ನಿಂತೇ. ಪಾಕದ ಪುಟ್ಟಸ್ವಾಮಿ ಪಾತ್ರೆ ತೊಳೆಯುತ್ತಾನೆ ಎಂದು ಊರಿನಲ್ಲಿ ನಗುವವರು ನಗಲಿ, ನಾನು ತೊಳೆದ ಪಾತ್ರೆಯನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಸೊಂಟ ನೋಯುತ್ತದೆ. ಸವಿತಳ ಕಾರ್ಡಿಗೆ ಇನ್ನೊಂದು ವರ್ಷ ಉಳಿದಿದೆ. ಮುಂದಕ್ಕೆ ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಇರುತ್ತೇವೋ ಇಲ್ಲವೋ, ಊಟದ ಹೊತ್ತಿನಲ್ಲಿ ಶುರುವಾಗುವ ಮಾತು ತಟ್ಟೆ ತೊಳೆಯುವಾಗ ನಿಲ್ಲುತ್ತದೆ. ಹುಬರ್ ಅವರ ಭುಜ ಪೂರ್ತಿ ವಾಸಿಯಾಗಲಿಲ್ಲ. ವರ್ಷಕ್ಕೆ ನಾಲ್ಕು ಸಲ ಹಂಡೆ ಈಗ ನನ್ನದು.

ಹೋದ ಚಳಿಗಾಲದಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಮೊದಲ ದಿನವೇ ಆಲೆಮನೆಗೆ ನಡೆದೆ. ಪಾಂಡವಪುರದವನು ಎದ್ದು ಜಾಗ ಬಿಟ್ಟ, ಕೆಂಪ ಜರಡಿ ಸೌಟು ಕೈಗೆ ಕೊಟ್ಟ. ಕಬ್ಬಿನ ಹಾಲು ಮೊದಲ ಕುದಿಗೆ ಬಂತು. ಕೊಳೆ ನೊರೆ ಮೇಲೆದ್ದಿತು, ಅದರಲ್ಲಿ ಎರಡು ಹಸಿರು ಸೋಗೆಯ ಚೂರು. ನನ್ನ ಕೈ ಬಗ್ಗಿ, ಹಾಗೇ ನಿಂತಿತು. ಇದು ಎತ್ತುವುದೋ, ಬಿಡುವುದೋ?

ಒಂದೇ ಉಸಿರಿನಷ್ಟು ಹೊತ್ತು. ಆದರೆ ಕೆಂಪ ನೋಡಿಬಿಟ್ಟ.

"ಏನಣ್ಣೋ, ಜರ್ಮನಿ ನೀರ್ಗೆ ಕೈ ಮರ್ತೋಯ್ತಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಎತ್ತಿದೆ. ಒಂದು ಎಳೆ ಬಿಡದೆ ಎತ್ತಿದೆ. ಬೆಲ್ಲ ಹೊನ್ನಿನ ಹಾಗೆ ಬಂತು.

ತಿರುಗಿ ಬಂದ ಮೇಲಿನ ಮೊದಲ ಶನಿವಾರ ಹುಬರ್ ಅವರ ಹಂಡೆ ಕುದಿಯಿತು. ನೊರೆ ಎದ್ದಿತು. ಸೌಟನ್ನು ಬಾಗಿಲ ಹೊರಗಿಡಲು ಈ ಸಲ ಮರೆತಿದ್ದೆ. ಅದಾಗಲೇ ನನ್ನ ಕೈಯಲ್ಲಿತ್ತು. ಪೆಟ್ಟಿಗೆಯ ಮೇಲೆ ಕೂತ ಹುಬರ್, ಆ ಕೈ ಏನು ಮಾಡುತ್ತದೋ ಎಂದು ನೋಡುತ್ತಿದ್ದರು. ನಾನೂ ಅದನ್ನೇ ನೋಡುತ್ತಿದ್ದೆ.